ಗುಂಪಿನೆದುರು ಒಂಟಿ ಮನುಷ್ಯ: ಆಫ್ರಿಕಾದಲ್ಲಿ ಮಾನವತಾವಾದ ಮತ್ತು ಮಾನವ ಹಕ್ಕುಗಳ ಹೋರಾಟ

ನೈಜೀರಿಯಾ ಒಂದೇ ದೇಶವಾದರೂ ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಅಲ್ಲಿ ರೂಪುಗೊಂಡ ದಂಡ ಸಂಹಿತೆಗಳು ಎರಡು: ದಕ್ಷಿಣಕ್ಕೊಂದು, ಉತ್ತರಕ್ಕೊಂದು. ಕಾಕತಾಳೀಯವೆಂಬಂತೆ ಎರಡರಲ್ಲೂ 210ನೇ ಕಲಮು ಜನರ ನಂಬಿಕೆಗೆ ಸಂಬಂಧಿಸಿದೆ. ದಕ್ಷಿಣದ 210, ಯಾರನ್ನಾದರೂ ಮಾಟಗಾರನೆಂದೋ ಮಾಟಗಾತಿಯೆಂದೋ ದೂರುವುದನ್ನು ಅಪರಾಧವೆನ್ನುತ್ತದೆ. ಉತ್ತರದ 210, ಯಾವುದೇ ಧರ್ಮವನ್ನು ಬಹಿರಂಗವಾಗಿ ಅವಮಾನಿಸುವುದನ್ನು ಅಪರಾಧವೆನ್ನುತ್ತದೆ. ಮೊದಲನೆಯದು ಊರವರ ಸಿಟ್ಟಿನಿಂದ ಒಬ್ಬ ಮುದುಕಿಯನ್ನೋ ಮಗುವನ್ನೋ ಕಾಯಬೇಕಾದ ಕಾನೂನು. ಎರಡನೆಯದು ಒಬ್ಬನ ಮಾತಿನಿಂದ ಬಹುಜನರ ಭಾವನೆಯನ್ನು ಕಾಯುವ ಕಾನೂನು. ಮೊದಲನೆಯದರಡಿ ಮೊಕದ್ದಮೆ ನಡೆಯುವುದು ತೀರಾ ಅಪರೂಪ. ಎರಡನೆಯದರಡಿ 2022ರಲ್ಲಿ ಒಬ್ಬ ಎಂಜಿನಿಯರ್‌ಗೆ 24 ವರ್ಷಗಳ ಸೆರೆವಾಸ ವಿಧಿಸಲಾಯಿತು. ಆಫ್ರಿಕಾ ಖಂಡದಲ್ಲಿ ಮಾನವ ಹಕ್ಕುಗಳ ಪಠ್ಯಕ್ಕೆ ಕೊರತೆಯಿಲ್ಲ. ಒಬ್ಬ ವ್ಯಕ್ತಿ ತನ್ನ ಮನೆತನ, ಊರು, ಧರ್ಮಗಳ ಎದುರು ಒಂಟಿಯಾಗಿ ನಿಂತಾಗ ಪ್ರಭುತ್ವ ಯಾರ ಪಕ್ಕದಲ್ಲಿ ನಿಲ್ಲುತ್ತದೆ ಎನ್ನುವಲ್ಲಿಯೇ ಅಲ್ಲಿನ ಬಿಕ್ಕಟ್ಟು ಇದೆ.

ಆ ಎಂಜಿನಿಯರ್ ಮುಬಾರಕ್ ಬಾಲಾ, ನೈಜೀರಿಯಾದ ಮಾನವತಾವಾದಿ ಸಂಘದ, ಅಂದರೆ ನೀತಿಗೆ ದೇವರಲ್ಲ, ಮನುಷ್ಯನ ಹಿತವೇ ಆಧಾರವೆನ್ನುವವರ ಸಂಘದ, ಆಗಿನ ಅಧ್ಯಕ್ಷ. ಕಾನೊ ನಗರದ ಮುಸ್ಲಿಂ ಕುಟುಂಬವೊಂದರಲ್ಲಿ ಹುಟ್ಟಿ, ರಾಸಾಯನಿಕ ಎಂಜಿನಿಯರಿಂಗ್ ಓದಿದ ಬಾಲಾ ತಾನು ದೇವರನ್ನು ನಂಬುವುದಿಲ್ಲ ಎಂದು ಮನೆಯಲ್ಲಿ ಹೇಳಿದಾಗ, 2014ರಲ್ಲಿ ಮನೆಯವರು ಅವರನ್ನು ಮನೋವೈದ್ಯರ ಬಳಿಗೆ ಕರೆದೊಯ್ದರು. ಮೊದಲ ವೈದ್ಯರು ಇವರಿಗೆ ಕಾಯಿಲೆಯೇನೂ ಇಲ್ಲ ಎಂದರು. ಮನೆಯವರು ಎರಡನೆಯ ವೈದ್ಯರನ್ನು ಹುಡುಕಿದರು. ಹಾಗೆ ಆಸ್ಪತ್ರೆಯ ಮನೋರೋಗ ವಿಭಾಗ ಸೇರಿದ ಬಾಲಾಗೆ ಬಿಡುಗಡೆ ಸಿಕ್ಕಿದ್ದು ಅಲ್ಲಿನ ವೈದ್ಯರು ಮುಷ್ಕರ ಹೂಡಿದಾಗ. ಅದಾಗಿ ಆರು ವರ್ಷಕ್ಕೆ, 2020ರ ಏಪ್ರಿಲ್ 28ರಂದು, ಫೇಸ್‌ಬುಕ್‌ನಲ್ಲಿ ಬರೆದ ಕೆಲವು ಸಾಲುಗಳ ಮೇಲೆ ವಕೀಲರ ತಂಡವೊಂದು ಕೊಟ್ಟ ದೂರನ್ನು ಆಧರಿಸಿ ಪೊಲೀಸರು ಕಡೂನಾ ನಗರದ ಮನೆಯಿಂದ ಅವರನ್ನು ಹಿಡಿದು ಕಾನೊಗೆ ಒಯ್ದರು. ಆಗ ಅವರ ಮಗನಿಗೆ ಇನ್ನೂ ಕೆಲವೇ ವಾರ. ತಿಂಗಳುಗಟ್ಟಲೆ ವಕೀಲರ ಭೇಟಿಗೆ ಅವಕಾಶ ಸಿಗಲಿಲ್ಲ. ಗಂಡ ಬದುಕಿದ್ದಾರೆಯೇ ಎಂಬುದೇ ಹೆಂಡತಿಗೆ ತಿಳಿಯದ ದಿನಗಳಿದ್ದವು. ಒಂದು ವರ್ಷಕ್ಕೂ ಹೆಚ್ಚು ಕಾಲ ಆರೋಪಪಟ್ಟಿಯನ್ನೇ ಸಲ್ಲಿಸಲಿಲ್ಲ.

ಈ ಪ್ರಕರಣದಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. 2020ರ ಡಿಸೆಂಬರ್‌ನಲ್ಲಿ ಅಬುಜಾದ ಫೆಡರಲ್ ಹೈಕೋರ್ಟ್ ಈ ಬಂಧನ ಸಂವಿಧಾನಬಾಹಿರ ಎಂದು ಸಾರಿ ಬಿಡುಗಡೆಗೆ ಆದೇಶಿಸಿತ್ತು. ಆ ಆದೇಶವನ್ನು ಯಾರೂ ಪಾಲಿಸಲಿಲ್ಲ, ಪಾಲಿಸದವರಿಗೆ ಏನೂ ಆಗಲಿಲ್ಲ. ಬಂಧನಕ್ಕೆ ನೂರು ದಿನ ತುಂಬಿದಾಗ ನೊಬೆಲ್ ಪುರಸ್ಕೃತ ಸಾಹಿತಿ ವೋಲೆ ಶೊಯಿಂಕಾ ಬಹಿರಂಗವಾಗಿ ಬೆಂಬಲದ ಸಂದೇಶ ಬರೆದರು. ವಿಶ್ವಸಂಸ್ಥೆಯ ತಜ್ಞರು ಬಿಡುಗಡೆಗೆ ಒತ್ತಾಯಿಸಿದರು. ಕೊನೆಗೆ 2022ರ ಏಪ್ರಿಲ್ 5ರಂದು ಬಾಲಾ 18 ಆರೋಪಗಳಲ್ಲಿಯೂ ತಪ್ಪೊಪ್ಪಿಕೊಂಡರು, ಕಾನೊ ಹೈಕೋರ್ಟ್ 24 ವರ್ಷದ ಶಿಕ್ಷೆ ವಿಧಿಸಿತು. 2024ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ಆ ಶಿಕ್ಷೆ ವಿಪರೀತವೆಂದು ಐದು ವರ್ಷಕ್ಕೆ ಇಳಿಸಿತು; 2025ರ ಜನವರಿಯಲ್ಲಿ ಅವರು ಹೊರಬಂದರು. ಹೊರಬಂದವರು ಹೋದದ್ದು ಸ್ವಂತ ಮನೆಗಲ್ಲ, ಗುಟ್ಟಾದ ಸುರಕ್ಷಿತ ಸ್ಥಳವೊಂದಕ್ಕೆ. ಏಕೆಂದರೆ ಸರ್ಕಾರದ ಶಿಕ್ಷೆ ಮುಗಿದಿತ್ತೇ ಹೊರತು ಗುಂಪಿನ ಶಿಕ್ಷೆಯ ಭಯ ಮುಗಿದಿರಲಿಲ್ಲ.

ಬಾಲಾ ಅವರ ವಿಚಾರಣೆ ನಡೆದದ್ದು ಜಾತ್ಯತೀತ ನ್ಯಾಯಾಲಯದಲ್ಲಿ. ಉತ್ತರದ 12 ರಾಜ್ಯಗಳಲ್ಲಿ 1999ರ ನಂತರ ಜಾರಿಗೆ ಬಂದ ಷರಿಯಾ ಅಪರಾಧ ಕಾನೂನು ಇನ್ನೂ ಕಠಿಣ. 2020ರ ಆಗಸ್ಟ್ 10ರಂದು ಕಾನೊದ ಷರಿಯಾ ನ್ಯಾಯಾಲಯ ಯಹಾಯಾ ಷರೀಫ್ ಅಮಿನು ಎಂಬ ಯುವ ಗಾಯಕನಿಗೆ, ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಟ್ಟ ಹಾಡೊಂದಕ್ಕಾಗಿ, ನೇಣು ಶಿಕ್ಷೆ ವಿಧಿಸಿತು. ಅವನ ಪರ ವಾದಿಸುವ ವಕೀಲರು ಆಗ ಅಲ್ಲಿರಲಿಲ್ಲ. ಅದೇ ದಿನ ಅದೇ ನ್ಯಾಯಾಲಯ, ಗೆಳೆಯನೊಂದಿಗೆ ಜಗಳವಾಡುವಾಗ ದೇವರ ಬಗ್ಗೆ ಕೆಟ್ಟ ಮಾತಾಡಿದನೆಂದು 13 ವರ್ಷದ ಹುಡುಗನೊಬ್ಬನಿಗೆ ಹತ್ತು ವರ್ಷ ಸೆರೆವಾಸ ವಿಧಿಸಿತು. ಪೋಲೆಂಡಿನಲ್ಲಿರುವ, ನಾಜಿಗಳ ಮರಣಶಿಬಿರವಾಗಿದ್ದ ಆಷ್‌ವಿಟ್ಸ್‌ನ ಸ್ಮಾರಕದ ನಿರ್ದೇಶಕ ಪಿಯೋತ್ರ್ ಚಿವಿನ್‌ಸ್ಕಿ ನೈಜೀರಿಯಾದ ಅಧ್ಯಕ್ಷರಿಗೆ ಪತ್ರ ಬರೆದು, ಆ ಹುಡುಗನ 120 ತಿಂಗಳನ್ನು ತಾನೂ ಸೇರಿ 120 ಮಂದಿ ತಲಾ ಒಂದೊಂದು ತಿಂಗಳು ಅನುಭವಿಸಲು ಸಿದ್ಧರಿದ್ದೇವೆ ಎಂದರು. ಇದು ಸಾಂಕೇತಿಕ ನಡೆಯೇ ಆದರೂ, ದೂರದ ಪರಿಚಯವಿಲ್ಲದ ಮಗುವೊಂದರ ಶಿಕ್ಷೆಯನ್ನು ತನ್ನದೆಂದುಕೊಳ್ಳುವ ಈ ಮನೋಭಾವಕ್ಕಿಂತ ಚೆನ್ನಾಗಿ ಮಾನವತಾವಾದವನ್ನು ವಿವರಿಸುವುದು ಕಷ್ಟ. 2021ರ ಜನವರಿಯಲ್ಲಿ ಹುಡುಗನ ಶಿಕ್ಷೆ ರದ್ದಾಯಿತು. ಗಾಯಕನ ಪ್ರಕರಣವನ್ನು ಮರುವಿಚಾರಣೆಗೆ ಒಪ್ಪಿಸಲಾಯಿತು. ಅವನು ಸೆರೆಯಲ್ಲೇ ಉಳಿದ.

ನ್ಯಾಯಾಲಯದ ತನಕ ಹೋದವರು ಒಂದರ್ಥದಲ್ಲಿ ಅದೃಷ್ಟವಂತರು. 2022ರ ಮೇ 12ರಂದು ಸೊಕೊಟೊ ನಗರದ ಶಿಕ್ಷಕರ ತರಬೇತಿ ಕಾಲೇಜಿನ ವಿದ್ಯಾರ್ಥಿನಿ ಡೆಬೊರಾ ಸ್ಯಾಮುಯೆಲ್, ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಧಾರ್ಮಿಕ ಸಂದೇಶಗಳನ್ನು ಹಾಕಿದ್ದಕ್ಕೆ ಆಕ್ಷೇಪಿಸಿದಳು. ಗುಂಪೊಂದು ಅವಳನ್ನು ಕಲ್ಲು ಹೊಡೆದು ಕೊಂದು ಸುಟ್ಟಿತು. ದೃಶ್ಯ ಮೊಬೈಲ್‌ಗಳಲ್ಲಿ ದಾಖಲಾಗಿ ದೇಶವಿಡೀ ಹರಿದಾಡಿತು. ಬಂಧಿತರಾದ ಇಬ್ಬರ ಮೇಲೆ ಹೊರಿಸಿದ ಆರೋಪ ಕೊಲೆಯದ್ದಲ್ಲ. ಒಳಸಂಚು ಮತ್ತು ಸಾರ್ವಜನಿಕ ಶಾಂತಿಗೆ ಭಂಗ ತಂದದ್ದು. ಆಮೇಲೆ ಅವರೂ ಬಿಡುಗಡೆಯಾದರು. ಈ ಹತ್ಯೆಯನ್ನು ಖಂಡಿಸುವ ವಿಡಿಯೊವೊಂದನ್ನು ಹಂಚಿಕೊಂಡರೆಂದು ಬವುಚಿ ರಾಜ್ಯದಲ್ಲಿ ಬಂಧಿತರಾದ ಮಹಿಳೆಯೊಬ್ಬರು ಮಾತ್ರ ಜಾಮೀನು ಸಿಗುವ ಹೊತ್ತಿಗೆ ಹತ್ತೊಂಬತ್ತು ತಿಂಗಳು ಸೆರೆಯಲ್ಲಿ ಕಳೆದಿದ್ದರು. 2024ರ ಡಿಸೆಂಬರ್‌ನಲ್ಲಿ ಅವರು ದೋಷಮುಕ್ತರಾದರು. ಕೊಂದವರಿಗಿಂತ ಕೊಲೆಯನ್ನು ಖಂಡಿಸಿದವರೇ ಹೆಚ್ಚು ಕಾಲ ಕಂಬಿ ಎಣಿಸಿದ ಈ ಲೆಕ್ಕವನ್ನು ಯಾವ ಸಂವಿಧಾನವೂ ಒಪ್ಪುವುದಿಲ್ಲ. ನೈಜೀರಿಯಾದ ಸಂವಿಧಾನವಂತೂ ತನ್ನ 38ನೇ ವಿಧಿಯಲ್ಲಿ ವಿಚಾರ, ಆತ್ಮಸಾಕ್ಷಿ ಮತ್ತು ಧರ್ಮದ ಸ್ವಾತಂತ್ರ್ಯವನ್ನು, ಧರ್ಮ ಬದಲಿಸುವ ಹಕ್ಕನ್ನೂ ಸೇರಿಸಿ, ಖಾತರಿಪಡಿಸಿದೆ.

ಇಂಥ ಪ್ರಸಂಗಗಳ ಬಗ್ಗೆ ಹೊರಗಿನವರು ಮಾತಾಡಿದಾಗಲೆಲ್ಲ ಕೇಳಿಬರುವ ಉತ್ತರ ಒಂದೇ: ಮಾನವ ಹಕ್ಕುಗಳು, ಅದರಲ್ಲೂ ನಂಬದಿರುವ ಹಕ್ಕು, ಪಶ್ಚಿಮದ ಸರಕು, ಆಫ್ರಿಕಾದ ಮೌಲ್ಯಗಳೇ ಬೇರೆ. ಈ ವಾದವನ್ನು ಇತಿಹಾಸದ ಕೈಗೆ ಕೊಟ್ಟರೆ ತಲೆಕೆಳಗಾಗುತ್ತದೆ. ಬಾಲಾಗೆ ಶಿಕ್ಷೆಯಾದ ಉತ್ತರ ನೈಜೀರಿಯಾದ ದಂಡ ಸಂಹಿತೆಯ ವಂಶಾವಳಿಯನ್ನೇ ನೋಡಿ. ಅದಕ್ಕೆ ಮಾದರಿಯಾದದ್ದು ಬ್ರಿಟಿಷರು 1899ರಲ್ಲಿ ಸುಡಾನ್‌ನಲ್ಲಿ ತಂದ ಸಂಹಿತೆ; ಸುಡಾನ್‌ನದಕ್ಕೆ ಮಾದರಿ 1860ರ ಭಾರತೀಯ ದಂಡ ಸಂಹಿತೆ. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1958ರಲ್ಲಿ, ಉತ್ತರ ನೈಜೀರಿಯಾದ ಕಾನೂನು ಸುಧಾರಣೆಗೆ ನೇಮಿಸಿದ ಸಮಿತಿಯಲ್ಲಿ ಸುಡಾನ್‌ನ ಮುಖ್ಯ ನ್ಯಾಯಮೂರ್ತಿಯೂ ಪಾಕಿಸ್ತಾನದ ನ್ಯಾಯಾಧೀಶರೊಬ್ಬರೂ ಇದ್ದರು. ಧಾರ್ಮಿಕ ಭಾವನೆಗೆ ನೋವಾಗುವುದನ್ನು ಪೊಲೀಸ್ ವ್ಯವಹಾರವಾಗಿ ನೋಡುವ ಪದ್ಧತಿ, ಹಲವು ಮತಗಳ ವಸಾಹತು ಪ್ರಜೆಗಳನ್ನು ಗಲಾಟೆಯಿಲ್ಲದೆ ಆಳಬೇಕಾಗಿದ್ದ ಅಧಿಕಾರಿಗಳ ಆವಿಷ್ಕಾರ. ಹಾಗಾಗಿ ಕಾನೊದ ನ್ಯಾಯಾಲಯದ ಭಾಷೆ ನಮ್ಮಲ್ಲಿ ಕಾನೂನು ಬಲ್ಲವರಿಗೆ ಅಪರಿಚಿತವೆನಿಸುವುದಿಲ್ಲ.

ಸಲಿಂಗ ಸಂಬಂಧವನ್ನು ಅಪರಾಧವಾಗಿಸುವ ಕಾನೂನುಗಳ ಕಥೆಯೂ ಬಹುಮಟ್ಟಿಗೆ ಇದೇ. ಬ್ರಿಟಿಷರು ಆಳಿದ ಕಡೆಯೆಲ್ಲ ಹಬ್ಬಿದ 377ನೇ ಕಲಮಿನ ಸಂತತಿ ಕೆನ್ಯಾ, ಉಗಾಂಡ, ಬೋಟ್ಸ್‌ವಾನಾಗಳಲ್ಲಿ ಉಳಿಯಿತು. 2019ರ ಜೂನ್‌ನಲ್ಲಿ ಬೋಟ್ಸ್‌ವಾನಾದ ಹೈಕೋರ್ಟ್ ಆ ಕಲಮುಗಳನ್ನು ರದ್ದುಪಡಿಸಿದಾಗ, ಹಿಂದಿನ ವರ್ಷ ಭಾರತದ ಸುಪ್ರೀಂ ಕೋರ್ಟ್ ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಉಲ್ಲೇಖಿಸಿತು. ಕಾನೂನು ಹೋದ ದಾರಿಯಲ್ಲೇ ಅದರ ನಿರಾಕರಣೆಯೂ ಹೋಯಿತೆನ್ನಬಹುದು. 2021ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು. ಇದಕ್ಕೆ ತದ್ವಿರುದ್ಧವಾಗಿ ಉಗಾಂಡ 2023ರಲ್ಲಿ ಕೆಲವು ಸಂದರ್ಭಗಳಲ್ಲಿ ಮರಣದಂಡನೆಗೂ ಅವಕಾಶವಿರುವ ಕಾನೂನು ತಂದಿತು. ಅದನ್ನು ಆಫ್ರಿಕಾದ ಸ್ವಾಭಿಮಾನದ ಹೆಸರಲ್ಲಿ ಸಮರ್ಥಿಸಿಕೊಂಡವರು, 2009ರಲ್ಲಿ ಕಂಪಾಲಾಕ್ಕೆ ಬಂದು ಇದೇ ವಿಷಯದ ಮೇಲೆ ಸಮಾವೇಶ ನಡೆಸಿದ ಅಮೆರಿಕದ ಕ್ರೈಸ್ತ ಪ್ರಚಾರಕರ ಪಾತ್ರವನ್ನು ಮಾತ್ರ ನೆನೆಯುವುದಿಲ್ಲ.

ಹಾಗಾದರೆ ಮಾನವತಾವಾದಕ್ಕೆ ಆಫ್ರಿಕಾದ ನೆಲದಲ್ಲಿಯೇ ಬೇರುಗಳಿವೆಯೇ? ಘಾನಾದ ತತ್ವಶಾಸ್ತ್ರಜ್ಞ ಕ್ವಾಸಿ ವಿರೆಡು ಜೀವನದುದ್ದಕ್ಕೂ ವಾದಿಸಿದ್ದು ಇದನ್ನೇ. ಅಕಾನ್ ಜನರ ನೀತಿಚಿಂತನೆ ದೇವರ ಆಜ್ಞೆಯ ಮೇಲೆ ನಿಂತಿಲ್ಲ, ಮನುಷ್ಯನ ಹಿತದ ಮೇಲೆ ನಿಂತಿದೆ ಎಂಬುದು ಅವರ ನಿಲುವು. ಆ ಜನರಲ್ಲಿ ಬಳಕೆಯಲ್ಲಿರುವ ನಾಣ್ಣುಡಿಯೊಂದು ಹೀಗಿದೆ: ಚಿನ್ನವನ್ನು ಕರೆದರೆ ಚಿನ್ನ ಓಗೊಡದು, ಬಟ್ಟೆಯನ್ನು ಕರೆದರೆ ಬಟ್ಟೆ ಓಗೊಡದು, ಓಗೊಡುವುದು ಮನುಷ್ಯನೇ. ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ 1995ರ ಜೂನ್ 6ರಂದು ಮಕ್ವಾನ್ಯಾನೆ ಪ್ರಕರಣದಲ್ಲಿ ಮರಣದಂಡನೆಯನ್ನು ರದ್ದುಪಡಿಸುವಾಗ ನ್ಯಾಯಮೂರ್ತಿಗಳು ಮತ್ತೆ ಮತ್ತೆ ಆಶ್ರಯಿಸಿದ್ದು ಒಬ್ಬರ ಮನುಷ್ಯತ್ವ ಇತರರ ಮನುಷ್ಯತ್ವದೊಂದಿಗೆ ಹೆಣೆದುಕೊಂಡಿದೆ ಎನ್ನುವ ಉಬುಂಟು ಎಂಬ ಸ್ಥಳೀಯ ಮೌಲ್ಯವನ್ನು. ಆಗ ಜನಾಭಿಪ್ರಾಯ ಮರಣದಂಡನೆಯ ಪರವಾಗಿತ್ತು. ಅಪರಾಧಗಳಿಂದ ಬೇಸತ್ತ ಜನ ಬೇರೇನನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ನ್ಯಾಯಾಲಯದ ಅಧ್ಯಕ್ಷರಾಗಿದ್ದ ಆರ್ಥರ್ ಚಾಸ್ಕಲ್ಸನ್, ಬಹುಮತದ ಇಷ್ಟಾನಿಷ್ಟವೇ ಕೊನೆಯ ಮಾತಾಗುವುದಾದರೆ ಸಂವಿಧಾನ ನ್ಯಾಯಾಲಯದ ಅಗತ್ಯವೇ ಇಲ್ಲವೆಂದೂ, ಸಮಾಜ ಹೊರಗಿಟ್ಟವರನ್ನು, ನಮ್ಮ ನಡುವಿನ ಅತ್ಯಂತ ಕೆಟ್ಟವರನ್ನು ಮತ್ತು ದುರ್ಬಲರನ್ನು ಕಾಯುವ ಮನಸ್ಸಿದ್ದಾಗ ಮಾತ್ರ ಎಲ್ಲರ ಹಕ್ಕೂ ಭದ್ರವೆಂದೂ ವಿವರಿಸಿದರು. ಸ್ಥಳೀಯ ಮೌಲ್ಯವೊಂದನ್ನು ಗುಂಪಿನ ಪರವಾಗಿ ಓದದೆ ಒಂಟಿ ಮನುಷ್ಯನ ಪರವಾಗಿ ಓದಿದ್ದೇ ಆ ತೀರ್ಪಿನ ಹೆಚ್ಚುಗಾರಿಕೆ.

ಏಕೆಂದರೆ ಅದನ್ನು ಗುಂಪಿನ ಪರವಾಗಿ ಓದಿದ ಉದಾಹರಣೆಗಳೂ ಇವೆ. ಜಾಂಬಿಯಾದ ಮೊದಲ ಅಧ್ಯಕ್ಷ ಕೆನೆತ್ ಕೌಂಡಾ 1967ರಲ್ಲಿ ಮಾನವತಾವಾದವನ್ನೇ ದೇಶದ ಅಧಿಕೃತ ಸಿದ್ಧಾಂತವಾಗಿ ಘೋಷಿಸಿದರು. ಹಳ್ಳಿಯ ಪರಸ್ಪರ ಸಹಕಾರದ ಬದುಕೇ ಅದರ ಮಾದರಿ. ಐದು ವರ್ಷ ಕಳೆಯುವಷ್ಟರಲ್ಲಿ, 1972ರಲ್ಲಿ, ಅದೇ ಸಹಬಾಳ್ವೆಯ ಹೆಸರಿನಲ್ಲಿ ದೇಶದಲ್ಲಿ ಏಕಪಕ್ಷ ಆಡಳಿತ ಬಂತು. ಭಿನ್ನಾಭಿಪ್ರಾಯ ಒಡಕಿನ ಲಕ್ಷಣವೆನಿಸಿಕೊಂಡಿತು. ಕೌಂಡಾ ವೈಯಕ್ತಿಕವಾಗಿ ಕ್ರೂರಿಯಲ್ಲ, 1991ರ ಚುನಾವಣೆಯಲ್ಲಿ ಸೋತಾಗ ಗೌರವದಿಂದ ಕೆಳಗಿಳಿದವರು. ಆದರೂ ಸರ್ಕಾರವೇ ಮಾನವತಾವಾದಿಯಾಗಿಬಿಟ್ಟರೆ ಸರ್ಕಾರವನ್ನು ಪ್ರಶ್ನಿಸುವವನು ಮನುಷ್ಯದ್ರೋಹಿಯಾಗುತ್ತಾನೆಂಬ ಅಪಾಯವನ್ನು ಜಾಂಬಿಯಾ ತೋರಿಸಿಕೊಟ್ಟಿತು. ಸಮುದಾಯ ಪ್ರಜ್ಞೆಯನ್ನು ಬಾಯ್ತುಂಬ ಹೊಗಳುವವರು ಈ ಅನುಭವವನ್ನು ಮರೆಯುವುದು ಹೆಚ್ಚು.

ಸಮುದಾಯ ಎನ್ನುವುದು ಸಮಾನರ ಕೂಟವೂ ಅಲ್ಲ. ಮಾರಿಟೇನಿಯಾದ ಮೊಹಮದ್ ಶೇಖ್ ಔಲ್ದ್ ಮ್ಖೈತಿರ್ ಪ್ರಕರಣ ಕನ್ನಡದ ಓದುಗರಿಗೆ ಬೇಗ ಅರ್ಥವಾಗುತ್ತದೆ. ಆ ಯುವ ಬರಹಗಾರ ಹುಟ್ಟಿದ್ದು ಕಮ್ಮಾರರ ಜಾತಿಯಲ್ಲಿ. ಅಲ್ಲಿನ ಮೂರಿಷ್ ಸಮಾಜದ ಶ್ರೇಣಿಯಲ್ಲಿ ಕಮ್ಮಾರರಿಗೆ ಕೆಳಗಿನ ಸ್ಥಾನ. ಧರ್ಮದ ಆರಂಭಕಾಲದ ಕೆಲವು ಪ್ರಸಂಗಗಳನ್ನು ಮುಂದಿಟ್ಟುಕೊಂಡು, ಈ ತಾರತಮ್ಯಕ್ಕೆ ಧಾರ್ಮಿಕ ಸಮರ್ಥನೆ ಕೊಡುವವರನ್ನು ಪ್ರಶ್ನಿಸಿ ಅವನು ಲೇಖನ ಬರೆದ. 2014ರ ಆರಂಭದಲ್ಲಿ ಬಂಧನವಾಯಿತು, ಡಿಸೆಂಬರ್‌ನಲ್ಲಿ ಧರ್ಮಭ್ರಷ್ಟತೆಗಾಗಿ ಮರಣದಂಡನೆಯಾಯಿತು. 2017ರ ನವೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ಎರಡು ವರ್ಷಕ್ಕೆ ಇಳಿಸಿತು. ಆ ವೇಳೆಗೆ ಅವನು ಅದರ ಸುಮಾರು ಎರಡು ಪಟ್ಟು ಕಾಲ ಸೆರೆಯಲ್ಲಿದ್ದ. ಆದರೂ ಹೊರಬಿಟ್ಟದ್ದು 2019ರ ಜುಲೈನಲ್ಲಿ. ನಡುವೆ, 2018ರಲ್ಲಿ, ಪಶ್ಚಾತ್ತಾಪಪಟ್ಟರೂ ಮರಣದಂಡನೆ ತಪ್ಪದಂತೆ ಸರ್ಕಾರ ಕಾನೂನನ್ನೇ ಬಿಗಿಗೊಳಿಸಿತು. ಗುಲಾಮಗಿರಿಯನ್ನು 1981ರಲ್ಲಿ ನಿಷೇಧಿಸಿ, ಗುಲಾಮರನ್ನು ಇಟ್ಟುಕೊಳ್ಳುವುದು ಅಪರಾಧವೆಂದು 2007ರಲ್ಲಿ ಮಾತ್ರ ಘೋಷಿಸಿದ ದೇಶವಿದು. ಧರ್ಮನಿಂದನೆಯ ಕಾನೂನು ಅಲ್ಲಿ ದೇವರಿಗಿಂತ ಹೆಚ್ಚಾಗಿ ಜಾತಿಶ್ರೇಣಿಯನ್ನು ಕಾಯುತ್ತಿದೆ ಎನ್ನದೆ ವಿಧಿಯಿಲ್ಲ.

ಮಾಟದ ಆರೋಪಗಳ ವಿಷಯ ಇದಕ್ಕಿಂತ ಜಟಿಲ. ಅಲ್ಲಿ ಪ್ರಭುತ್ವ ಎದುರಾಳಿಯಾಗಿರುವುದಿಲ್ಲ, ಗೈರುಹಾಜರಾಗಿರುತ್ತದೆ. ಉತ್ತರ ಘಾನಾದ ಗಂಬಾಗ, ಕುಕುವೊ, ಗ್ನಾನಿ ಮುಂತಾದ ಊರುಗಳಲ್ಲಿ ಮಾಟಗಾತಿಯರ ಶಿಬಿರಗಳೆಂದೇ ಕರೆಯಲಾಗುವ ನೆಲೆಗಳಿವೆ. ಅಲ್ಲಿರುವವರಲ್ಲಿ ಬಹುತೇಕರು ವಯಸ್ಸಾದ ವಿಧವೆಯರು. ಊರಲ್ಲಿ ಮಗುವೊಂದು ಜ್ವರದಿಂದ ಸತ್ತರೆ, ಯಾರದೋ ಕನಸಿನಲ್ಲಿ ಇವಳು ಕಾಣಿಸಿಕೊಂಡರೆ, ಅಥವಾ ಮರೆಗುಳಿತನದಿಂದ ಮುದುಕಿಯೊಬ್ಬಳು ರಾತ್ರಿ ದಿಕ್ಕುತಪ್ಪಿ ಅಲೆದಾಡಿದರೆ ಆರೋಪ ಹುಟ್ಟಲು ಅಷ್ಟು ಸಾಕು. ಓಡಿಬಂದವಳನ್ನು ಶಿಬಿರಕ್ಕೆ ಸೇರಿಸಿಕೊಳ್ಳುವ ಮುನ್ನ ಕೋಳಿಯೊಂದರ ಕತ್ತು ಕೊಯ್ದು ಎಸೆಯುತ್ತಾರೆ. ಅದು ಒದ್ದಾಡಿ ಪ್ರಾಣ ಬಿಡುವಾಗ ಅಂಗಾತ ಬಿತ್ತೋ ಬೋರಲು ಬಿತ್ತೋ ಎಂಬುದರ ಮೇಲೆ ಅವಳು ಮಾಟಗಾತಿಯೋ ಅಲ್ಲವೋ ಎಂದು ತೀರ್ಮಾನವಾಗುತ್ತದೆ. ತೀರ್ಮಾನ ಅವಳ ಪರವಾಗಿ ಬಂದರೂ ಊರಿಗೆ ಮರಳುವುದು ಸುಲಭವಲ್ಲ. ನೀರು ತರಲು, ಸೌದೆ ಆಯಲು ಜೊತೆಗೆ ಕಳಿಸಿದ ಮೊಮ್ಮಗಳು ಶಾಲೆ ಬಿಟ್ಟು ಅಲ್ಲೇ ಬೆಳೆಯುತ್ತಾಳೆ. ಈ ಶಿಬಿರಗಳು ನಾಚಿಕೆಗೇಡೆಂದು ಮುಚ್ಚಿಸಲು ಹೊರಟ ಸರ್ಕಾರ 2014ರಲ್ಲಿ ಬೊನ್ಯಾಸಿಯದನ್ನು ಮುಚ್ಚಿಸಿತು. ಆದರೆ ಎಷ್ಟೋ ಹೆಂಗಸರಿಗೆ ಶಿಬಿರವೇ ಜೀವ ಉಳಿಸಿದ ಜಾಗ. ಮುಚ್ಚಬೇಕಾದ್ದು ಅವರನ್ನು ಅಲ್ಲಿಗೆ ಓಡಿಸಿದ ಊರುಗಳ ಬಾಯಿಯನ್ನು.

2020ರ ಜುಲೈ 23ರಂದು ಘಾನಾದ ಸವಾನ್ನಾ ಪ್ರಾಂತ್ಯದ ಕಫಾಬಾ ಎಂಬ ಊರಿನಲ್ಲಿ 90 ವರ್ಷದ ಅಕುವಾ ಡೆಂಟೆ ಎಂಬ ಅಜ್ಜಿಯನ್ನು, ಕಣಿ ಹೇಳುವವಳೊಬ್ಬಳು ಮಾಟಗಾತಿಯೆಂದು ತೋರಿಸಿಕೊಟ್ಟ ಮೇಲೆ, ನೆರೆದವರ ಕಣ್ಣೆದುರಿನಲ್ಲಿಯೇ ಹೊಡೆದು ಕೊಲ್ಲಲಾಯಿತು. ಆ ವಿಡಿಯೊ ದೇಶವನ್ನು ಬೆಚ್ಚಿಬೀಳಿಸಿತು. ಸಂಸದ ಫ್ರಾನ್ಸಿಸ್ ಕ್ಸೇವಿಯರ್ ಸೊಸು ಮತ್ತಿತರರು ತಂದ ಖಾಸಗಿ ಮಸೂದೆ, ಯಾರನ್ನಾದರೂ ಮಾಟಗಾತಿಯೆಂದು ಕರೆಯುವುದನ್ನೇ ಅಪರಾಧವಾಗಿಸಿತು. 2023ರ ಜುಲೈನಲ್ಲಿ ಸಂಸತ್ತು ಅದನ್ನು ಅಂಗೀಕರಿಸಿತು. ಅಧ್ಯಕ್ಷ ನಾನಾ ಅಕುಫೊ ಅಡ್ಡೊ ಅಂಕಿತ ಹಾಕಲಿಲ್ಲ. ಅವರು ಕೊಟ್ಟ ಕಾರಣ ಮಾಟದ ಕುರಿತದ್ದಲ್ಲ: ಸರ್ಕಾರದ ಬೊಕ್ಕಸಕ್ಕೆ ಹೊರೆಯಾಗುವ ಮಸೂದೆಯನ್ನು ಖಾಸಗಿ ಸದಸ್ಯರು ತರುವಂತಿಲ್ಲವೆಂಬ ಸಂವಿಧಾನದ 108ನೇ ವಿಧಿ. ಸೆರೆಮನೆಯ ಖರ್ಚಿನ ಲೆಕ್ಕಾಚಾರದಲ್ಲಿ ಮುದುಕಿಯರ ರಕ್ಷಣೆ ಸಿಕ್ಕಿಹಾಕಿಕೊಂಡಿತು.

ಕಾನೂನು ಏನನ್ನು ಶಿಕ್ಷಿಸಬೇಕು, ಮಾಟವನ್ನೋ ಮಾಟದ ಆರೋಪವನ್ನೋ ಎಂಬ ಪ್ರಶ್ನೆಗೆ ಖಂಡದಲ್ಲಿ ಒಮ್ಮತವಿಲ್ಲ. ಕ್ಯಾಮರೂನಿನ ದಂಡ ಸಂಹಿತೆಯ 251ನೇ ಕಲಮು ಮಾಟ ಮಾಡುವುದಕ್ಕೇ ಎರಡರಿಂದ ಹತ್ತು ವರ್ಷದ ಶಿಕ್ಷೆ ಇಟ್ಟಿದೆ. 1980ರ ದಶಕದಲ್ಲಿ ಆ ದೇಶದ ಪೂರ್ವ ಭಾಗದ ನ್ಯಾಯಾಲಯಗಳು ನಾಟಿ ಮಾಂತ್ರಿಕರ ಸಾಕ್ಷ್ಯದ ಮೇಲೆ ಜನರನ್ನು ಸೆರೆಗೆ ಕಳಿಸಿದ್ದೂ ಉಂಟು. ಮಲಾವಿಯ 1911ರ ಕಾನೂನು ಇದಕ್ಕೆ ವಿರುದ್ಧವಾಗಿ ಆರೋಪ ಮಾಡುವವರನ್ನು ಶಿಕ್ಷಿಸುತ್ತದೆ. ಮಾಟವನ್ನೇ ಒಪ್ಪದ ಕಾನೂನು ವಸಾಹತು ಮನಸ್ಸಿನದ್ದು ಎಂದು ಅಲ್ಲಿ ಹಲವರಿಗೆ ಅಸಮಾಧಾನ. ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ 2006ರ ಸಂವಿಧಾನವಂತೂ ತನ್ನ 41ನೇ ವಿಧಿಯಲ್ಲಿಯೇ ಮಕ್ಕಳ ಮೇಲೆ ಮಾಟದ ಆರೋಪ ಹೊರಿಸುವುದನ್ನು ನಿಷೇಧಿಸಿದೆ. ಸಂವಿಧಾನಕ್ಕೆ ಇಂಥ ಸಾಲು ಬೇಕಾಯಿತೆಂದರೆ ರಾಜಧಾನಿ ಕಿನ್ಶಾಸಾದ ಬೀದಿಗಳಲ್ಲಿ ಮನೆಯಿಂದ ಹೊರದಬ್ಬಿಸಿಕೊಂಡ ಮಕ್ಕಳ ಸ್ಥಿತಿ ಹೇಗಿದ್ದಿರಬೇಕೆಂದು ಊಹಿಸಬಹುದು. ನಮ್ಮಲ್ಲಿಯೂ ಬಾನಾಮತಿ, ಮಾಟಮಂತ್ರದ ಹೆಸರಿನ ಅಮಾನುಷ ಕೃತ್ಯಗಳ ವಿರುದ್ಧ ಕರ್ನಾಟಕ 2017ರಲ್ಲಿ ಕಾಯ್ದೆ ಮಾಡಿ 2020ರಲ್ಲಿ ಜಾರಿಗೆ ತಂದದ್ದು ವರ್ಷಗಟ್ಟಲೆ ವಿರೋಧದ ನಂತರವೇ. ಹಾಗಾಗಿ ಇದು ಆಫ್ರಿಕಾದ ವಿಶೇಷ ಮೌಢ್ಯವೆಂದು ಮೂಗು ಮುರಿಯುವ ಹಕ್ಕು ನಮಗಿಲ್ಲ.

ಮಕ್ಕಳ ಮೇಲಿನ ಆರೋಪ ಹಳೆಯ ಸಂಪ್ರದಾಯದ ಪಳೆಯುಳಿಕೆಯೂ ಅಲ್ಲ. ಕಳೆದ ಮೂರು ದಶಕಗಳಲ್ಲಿ ನಗರಗಳಲ್ಲಿ, ದೆವ್ವ ಬಿಡಿಸುವುದನ್ನೇ ವೃತ್ತಿಯಾಗಿಸಿಕೊಂಡ ಹೊಸ ಚರ್ಚುಗಳ ನೆರಳಿನಲ್ಲಿ ಬೆಳೆದದ್ದು. ಮೂರ್ಛೆರೋಗವಿರುವ ಮಗು, ಹಾಸಿಗೆ ಒದ್ದೆ ಮಾಡುವ ಮಗು, ತಾಯಿ ಸತ್ತು ಮಲತಾಯಿಯ ಕೈಗೆ ಬಂದ ಮಗು ಬೇಗ ಬಲಿಯಾಗುತ್ತವೆ. ನೈಜೀರಿಯಾದ ಅಕ್ವಾ ಇಬೊಮ್ ರಾಜ್ಯ 2008ರಲ್ಲಿ ಇಂಥ ಆರೋಪ ಮಾಡುವವರಿಗೆ ಹತ್ತು ವರ್ಷಗಳವರೆಗಿನ ಶಿಕ್ಷೆಯ ಕಾನೂನು ತಂದಿತು. ಮರುವರ್ಷ, 2009ರ ಜುಲೈನಲ್ಲಿ, ನೆರೆಯ ಕಲಾಬಾರ್ ನಗರದಲ್ಲಿ ಮಾನವತಾವಾದಿ ಲಿಯೊ ಇಗ್ವೆ ಇದೇ ವಿಷಯದ ಮೇಲೆ ಏರ್ಪಡಿಸಿದ್ದ ಸಭೆಗೆ ಅಂಥ ಒಂದು ಚರ್ಚಿನ ಅನುಯಾಯಿಗಳು ನುಗ್ಗಿ ಅವರ ಮೇಲೆಯೇ ಹಲ್ಲೆ ಮಾಡಿದರು. ಇಗ್ವೆ ಹಿಂದೆ ಸರಿಯಲಿಲ್ಲ. ಉತ್ತರ ಘಾನಾದ ಮಾಟದ ಆರೋಪಗಳ ಮೇಲೆ ಜರ್ಮನಿಯ ಬೈರಾಯ್ಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, 2020ರಲ್ಲಿ ಆರೋಪಿತರ ಪರ ನಿಲ್ಲುವ ಸಂಘಟನೆಯೊಂದನ್ನು ಕಟ್ಟಿದರು. ಠಾಣೆಗೆ ಹೋಗಿ ದೂರು ಬರೆಸುವುದು, ಆರೋಪಿತರಿಗೆ ತಾತ್ಕಾಲಿಕ ಆಸರೆ ಕೊಡಿಸುವುದು, ಸತ್ತ ಮಗುವಿನ ವೈದ್ಯಕೀಯ ಕಾರಣವನ್ನು ಊರವರಿಗೆ ವಿವರಿಸುವುದು, ಇವು ಅದರ ದಿನನಿತ್ಯದ ಕೆಲಸ. 2021ರ ಜುಲೈನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ ಮಾಟದ ಆರೋಪಗಳಿಂದಾಗುವ ದೌರ್ಜನ್ಯದ ವಿರುದ್ಧ ಮೊದಲ ಬಾರಿಗೆ ನಿರ್ಣಯ ಅಂಗೀಕರಿಸಿತು. ಠಾಣೆಯಲ್ಲಿ ಒಂದು ದೂರು ದಾಖಲಾಗುವುದು ಆ ನಿರ್ಣಯಕ್ಕಿಂತ ಕಷ್ಟದ ಕೆಲಸವೆಂದು ನನ್ನ ಎಣಿಕೆ.

ಸಂಘಟಿತ ಮಾನವತಾವಾದ ಆಫ್ರಿಕಾದಲ್ಲಿ ಸಣ್ಣದು. ಬಹುತೇಕ ನಗರವಾಸಿ, ಇಂಗ್ಲಿಷ್ ಬಲ್ಲ ಯುವಕರದ್ದು ಎಂಬ ಟೀಕೆ ಸುಳ್ಳಲ್ಲ. ಆದರೆ ಅದರ ಪರಂಪರೆ ಇಂಟರ್ನೆಟ್ಟಿಗಿಂತ ಹಳೆಯದು. ತೈ ಸೊಲಾರಿನ್ ಎಂಬ ಶಿಕ್ಷಣತಜ್ಞ 1956ರಲ್ಲಿ ನೈಜೀರಿಯಾದ ಇಕೆನ್ನೆಯಲ್ಲಿ ಯಾವ ಮಿಷನ್ನಿಗೂ ಮಸೀದಿಗೂ ಸೇರದ ಮೇಫ್ಲವರ್ ಶಾಲೆಯನ್ನು ತೆರೆದರು; ಬೇಸಾಯ, ಕಟ್ಟಡ ಕೆಲಸ ಮಾಡಿಕೊಂಡೇ ಮಕ್ಕಳು ಕಲಿತ ಆ ಶಾಲೆ ಪಾಲಕರ ಮೆಚ್ಚುಗೆ ಗಳಿಸಿದ್ದು ನಾಸ್ತಿಕವಾದದಿಂದಲ್ಲ, ಪಾಠದ ಗುಣಮಟ್ಟದಿಂದ. ಉಗಾಂಡದ ಕಸೆಸೆ ಮುಂತಾದೆಡೆ ಈಗಿರುವ ಮಾನವತಾವಾದಿ ಶಾಲೆಗಳೂ ಅದೇ ದಾರಿಯಲ್ಲಿವೆ. ದೇವರಿಲ್ಲ ಎಂದು ಸಾಬೀತುಪಡಿಸುವ ಸಭೆಗಳಿಗಿಂತ ಇಂಥ ಕೆಲಸಕ್ಕೆ ಬಾಳಿಕೆ ಹೆಚ್ಚು. ಮಾಟಗಾತಿಯೆನಿಸಿಕೊಂಡ ಅಜ್ಜಿಯನ್ನು ಉಳಿಸಲು ಪಾದ್ರಿಯೂ ಇಮಾಮರೂ ಜೊತೆ ಬರುತ್ತಾರೆ; ಗಂಬಾಗದ ಹೆಂಗಸರ ಪುನರ್ವಸತಿಗೆ ಮೊದಲಿನಿಂದ ದುಡಿದವರಲ್ಲಿ ಪ್ರೆಸ್ಬಿಟೇರಿಯನ್ ಚರ್ಚಿನವರೂ ಇದ್ದಾರೆ.

ಇನ್ನುಳಿದದ್ದು ನ್ಯಾಯದ ಬಾಗಿಲಿನ ಪ್ರಶ್ನೆ. ಮಾನವ ಮತ್ತು ಜನಾಂಗಗಳ ಹಕ್ಕುಗಳ ಆಫ್ರಿಕನ್ ಸನ್ನದನ್ನು ದೇಶಗಳು 1981ರಲ್ಲಿ ಒಪ್ಪಿದವು, 1986ರಲ್ಲಿ ಅದು ಜಾರಿಗೆ ಬಂತು. ಇಂದು ಆಫ್ರಿಕಾ ಒಕ್ಕೂಟದಲ್ಲಿ ಮೊರಾಕೊ ಒಂದನ್ನು ಬಿಟ್ಟು ಉಳಿದೆಲ್ಲ ದೇಶಗಳೂ ಅದಕ್ಕೆ ಬದ್ಧ. ಸನ್ನದನ್ನು ಎತ್ತಿಹಿಡಿಯಲೆಂದು ತಾಂಜಾನಿಯಾದ ಆರುಷಾದಲ್ಲಿ ಖಂಡದ ನ್ಯಾಯಾಲಯವಿದೆ. ಆದರೆ ಒಂದು ದೇಶ ಪ್ರತ್ಯೇಕ ಘೋಷಣೆಗೆ ಸಹಿ ಹಾಕಿದ್ದರೆ ಮಾತ್ರ ಅಲ್ಲಿನ ಸಾಮಾನ್ಯ ಪ್ರಜೆ ನೇರವಾಗಿ ಈ ನ್ಯಾಯಾಲಯಕ್ಕೆ ಹೋಗಬಹುದು. ಹಾಗೆ ಸಹಿ ಹಾಕಿದವು ಬೆರಳೆಣಿಕೆಯ ದೇಶಗಳು. ತೀರ್ಪುಗಳು ತಮ್ಮ ವಿರುದ್ಧ ಬರತೊಡಗಿದಂತೆ ಅವುಗಳಲ್ಲಿಯೂ ರವಾಂಡ 2016ರಲ್ಲಿ, ತಾಂಜಾನಿಯಾ 2019ರಲ್ಲಿ, ಬೆನಿನ್ ಮತ್ತು ಐವರಿ ಕೋಸ್ಟ್ 2020ರಲ್ಲಿ ಸಹಿ ಹಿಂತೆಗೆದುಕೊಂಡವು. ನ್ಯಾಯಾಲಯಕ್ಕೆ ಜಾಗ ಕೊಟ್ಟ ದೇಶವೇ ತನ್ನ ಪ್ರಜೆಗಳಿಗೆ ಅದರ ಬಾಗಿಲು ಹಾಕಿದೆ. ನೈಜೀರಿಯಾ ಮೊದಲಿನಿಂದಲೂ ಆ ಘೋಷಣೆ ಮಾಡಿಲ್ಲ.

ಪಶ್ಚಿಮ ಆಫ್ರಿಕಾದ ಆರ್ಥಿಕ ಸಮುದಾಯವಾದ ಎಕೊವಾಸ್‌ನ ನ್ಯಾಯಾಲಯ ಈ ದೃಷ್ಟಿಯಿಂದ ಹೆಚ್ಚು ಉದಾರಿ. 2005ರಿಂದ ಯಾವ ಪ್ರಜೆಯೂ, ತನ್ನ ದೇಶದ ಮೇಲಿನ ಕೋರ್ಟುಗಳನ್ನೆಲ್ಲ ಹತ್ತಿ ಇಳಿಯುವ ಮೊದಲೇ, ಹಕ್ಕುಚ್ಯುತಿಯ ದೂರನ್ನು ಅಲ್ಲಿಗೆ ಒಯ್ಯಬಹುದು. ಆ ದಾರಿಯ ಬೆಲೆಯೇನೆಂದು ನೈಜರ್‌ನ ಹದಿಜಾತು ಮಾನಿಯ ಪ್ರಕರಣ ತೋರಿಸುತ್ತದೆ. ಹನ್ನೆರಡನೆಯ ವಯಸ್ಸಿನಲ್ಲಿ 2,40,000 ಸಿಎಫ್‌ಎ ಫ್ರಾಂಕಿಗೆ ಮಾರಾಟವಾದ ಆಕೆ ವರ್ಷಗಟ್ಟಲೆ ಯಜಮಾನನ ಮನೆಗೆಲಸ, ಹೊಲಗೆಲಸ ಮಾಡುತ್ತ, ಅವನ ಲೈಂಗಿಕ ದೌರ್ಜನ್ಯ ಸಹಿಸುತ್ತ ಬದುಕಿದಳು. 2005ರಲ್ಲಿ ಯಜಮಾನ ಬಿಡುಗಡೆಯ ಪತ್ರ ಬರೆದುಕೊಟ್ಟ; ಆದರೆ ಅವಳು ಹೊರಟು ತನಗಿಷ್ಟವಾದವನನ್ನು ಮದುವೆಯಾದಾಗ, ಇವಳು ತನ್ನ ಹೆಂಡತಿಯೆಂದು ದೂರು ಕೊಟ್ಟ. ನೈಜರ್‌ನ ನ್ಯಾಯಾಲಯ ಅವಳಿಗೆ, ಒಬ್ಬ ಗಂಡನಿರುವಾಗ ಇನ್ನೊಬ್ಬನನ್ನು ಮದುವೆಯಾದ ಅಪರಾಧಕ್ಕಾಗಿ, ಆರು ತಿಂಗಳ ಸೆರೆವಾಸ ವಿಧಿಸಿತು. ಗುಲಾಮಗಿರಿ ಅಪರಾಧವೆಂದು ಆ ದೇಶ 2003ರಲ್ಲಿಯೇ ಕಾನೂನು ಮಾಡಿಯಾಗಿತ್ತು. 2008ರ ಅಕ್ಟೋಬರ್ 27ರಂದು ಎಕೊವಾಸ್ ನ್ಯಾಯಾಲಯ, ಅವಳನ್ನು ಗುಲಾಮಗಿರಿಯಿಂದ ಕಾಯುವಲ್ಲಿ ನೈಜರ್ ಸರ್ಕಾರ ವಿಫಲವಾಗಿದೆಯೆಂದು ತೀರ್ಪಿತ್ತು ಒಂದು ಕೋಟಿ ಫ್ರಾಂಕ್ ಪರಿಹಾರಕ್ಕೆ ಆದೇಶಿಸಿತು. ಸರ್ಕಾರ ಆ ಹಣವನ್ನು ಕೊಟ್ಟಿತು ಕೂಡ.

ಇಂದು ಅಂಥ ಹೆಣ್ಣುಮಗಳೊಬ್ಬಳು ನೈಜರ್‌ನಿಂದ ಆ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಸೈನಿಕ ಆಡಳಿತದಲ್ಲಿರುವ ನೈಜರ್, ಮಾಲಿ, ಬುರ್ಕಿನಾ ಫಾಸೊ ಮೂರೂ 2025ರ ಜನವರಿ 29ರಂದು ಎಕೊವಾಸ್‌ನಿಂದ ಹೊರನಡೆದವು. ಈ ನಿರ್ಗಮನವನ್ನು ಫ್ರಾನ್ಸಿನ ಹಿಡಿತದಿಂದ ಸಿಕ್ಕ ಬಿಡುಗಡೆಯೆಂದು ಅಲ್ಲಿನ ಬೀದಿಗಳಲ್ಲಿ ಸಂಭ್ರಮಿಸಲಾಯಿತು, ಆ ಸಿಟ್ಟಿಗೆ ಐತಿಹಾಸಿಕ ಕಾರಣಗಳೂ ಇವೆ. ವ್ಯಾಪಾರ, ವೀಸಾ, ಭದ್ರತೆಗಳ ಮೇಲಾದ ಪರಿಣಾಮದ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ; ಮೂರು ದೇಶಗಳ ಕೋಟ್ಯಂತರ ಜನ ತಮ್ಮ ಸರ್ಕಾರದ ವಿರುದ್ಧ ದೂರು ಒಯ್ಯಬಹುದಾಗಿದ್ದ ನ್ಯಾಯಾಲಯವೊಂದನ್ನು ಕಳೆದುಕೊಂಡ ಬಗ್ಗೆ ಆಗಿರುವ ಚರ್ಚೆ ಕಡಿಮೆ.

ಅದೇ ನ್ಯಾಯಾಲಯ 2025ರ ಏಪ್ರಿಲ್‌ನಲ್ಲಿ ಕಾನೊ ರಾಜ್ಯದ ಧರ್ಮನಿಂದನೆಯ ಕಾನೂನುಗಳನ್ನು ಪರಿಶೀಲಿಸಿತು. ದಂಡ ಸಂಹಿತೆಯ 210ನೇ ಕಲಮಿನಲ್ಲಿ ಅಪರಾಧದ ವಿವರಣೆ ಅಸ್ಪಷ್ಟವೆಂದೂ, ಷರಿಯಾ ಸಂಹಿತೆಯ 382ನೇ ಕಲಮು ವಿಧಿಸುವ ಮರಣದಂಡನೆ ಅತಿಯಾದದ್ದೆಂದೂ, ಎರಡೂ ಆಫ್ರಿಕನ್ ಸನ್ನದಿನ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧವೆಂದೂ ಹೇಳಿ, ಅವನ್ನು ಬದಲಿಸುವಂತೆ ನೈಜೀರಿಯಾಕ್ಕೆ ಆದೇಶಿಸಿತು. ಕಾನೊ ಸರ್ಕಾರ ತನ್ನ ಕಾನೂನನ್ನು ಬಿಟ್ಟುಕೊಡುವುದಿಲ್ಲವೆಂದು ಹೇಳಿತು. ಫೆಡರಲ್ ಸರ್ಕಾರಕ್ಕೆ ಉತ್ತರದ ಮತಗಳೂ ಬೇಕು, ಎಕೊವಾಸ್‌ನ ನಾಯಕತ್ವವೂ ಬೇಕು. ಈ ನಡುವೆ ಯಹಾಯಾ ಷರೀಫ್ ಅಮಿನು ಅವರ ಮೇಲ್ಮನವಿ ದೇಶದ ಸುಪ್ರೀಂ ಕೋರ್ಟ್ ತಲುಪಿದೆ. ಸರ್ಕಾರ ಯಾವ ಧರ್ಮವನ್ನೂ ತನ್ನದಾಗಿಸಿಕೊಳ್ಳಬಾರದು ಎನ್ನುವ ಸಂವಿಧಾನದ 10ನೇ ವಿಧಿಯೆದುರು, ಒಂದು ಧರ್ಮದ ಹೆಸರಿನಲ್ಲಿ ರಾಜ್ಯವೊಂದು ಮರಣದಂಡನೆ ವಿಧಿಸಬಹುದೇ ಎಂಬ ಪ್ರಶ್ನೆಗೆ ಆ ನ್ಯಾಯಾಲಯ ಉತ್ತರ ಕೊಡಬೇಕಾಗಿದೆ. ಉತ್ತರ ಏನೇ ಬಂದರೂ ಅದು ಷರಿಯಾ ಅಪರಾಧ ಕಾನೂನು ಜಾರಿಯಲ್ಲಿರುವ ಹನ್ನೆರಡೂ ರಾಜ್ಯಗಳಿಗೆ ಅನ್ವಯಿಸುತ್ತದೆ.